ಫಾರ್ಮ್ಯಾಟ್ ಹೊಡೀಬ್ಯಾಡ್ರಿ ಅಕ್ಕೋರ, ಮೊದಲ ನಂಬರ್ ನೋಡ್ರಿ

ಅಕ್ಕೋರ, ನಿನ್ನೆ ರಾತ್ರಿ ನೀವು ಗುಂಪಿನ್ಯಾಗ ಹಾಕಿದ್ದು ಪೂರಾ ಓದಿದೆ, ಮೂರು ಫೋಟೋನೂ ನೋಡಿದೆ. ಹೋದ ರವಿವಾರ ಮನೀ ಕಂಪ್ಯೂಟರ್‌ನ ವಿಂಡೋಸ್ 10ರಿಂದ 11ಕ್ಕ ಏರಿಸೀರಿ. ಅವತ್ತಿಂದ ಸ್ಕ್ರೀನಿನ ಅಕ್ಷರ ಹಿಗ್ಗಿ ಮಬ್ಬಾಗ್ಯಾವು, ಸೌಂಡ್ ಇಲ್ಲ, ವೈಫೈ ಡಾಂಗಲ್ (ಯುಎಸ್‌ಬಿಗೆ ಚುಚ್ಚೋ ವೈಫೈ ಕಡ್ಡಿ) ಸುಮ್ನ ಕುಂತೈತಿ, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಹೆಸರಷ್ಟ ತೋರಸ್ತೈತಿ, ಹಾಳಿ ಮಾತ್ರ ಹೊರಗ ಬರಂಗಿಲ್ಲ. ಸೋಮವಾರ ಸಾಲಿಗೆ ಪ್ರಶ್ನೆಪತ್ರಿಕಿ ಬೇಕು. ಕೆಳಗ ಒಬ್ಬರು ‘ಫಾರ್ಮ್ಯಾಟ್ ಹೊಡೀರಿ’ ಅಂದಾರ, ಇನ್ನೊಬ್ಬರು ‘ಡ್ರೈವರ್ ಪ್ಯಾಕ್ ಹಾಕ್ರಿ, ಎಲ್ಲಾ ಒಮ್ಮೆಲೇ ಕೂಡತೈತಿ’ ಅಂದಾರ. ಡ್ರೈವರ್ ಅಂದ್ರ ಒಂದೊಂದು ಸಾಮಾನು ಹೆಂಗ ನಡೆಸೂದು ಅಂತ ವಿಂಡೋಸಿಗೆ ಹೇಳಿಕೊಡೋ ಸಣ್ಣ ತಂತ್ರಾಂಶ, ಪ್ಯಾಕ್ ಅಂದ್ರ ಅಂಥಾವುಗಳ ಗಂಟು. ದಯವಿಟ್ಟು ಎರಡೂ ಬ್ಯಾಡ.

ಮೊದಲ ಪ್ರಶ್ನೆಪತ್ರಿಕಿ ಮಾತು. ಓಣಿ ಝೆರಾಕ್ಸ್ ಅಂಗಡಿಗೆ ಒಯ್ಯಾಕ ನಿಮಗ ಮನಸಾಗಂಗಿಲ್ಲ, ಗೊತ್ತೈತಿ, ನಿಮ್ಮ ಹುಡುಗ್ರೇ ಅಲ್ಲಿ ಸಾಲಾಗಿ ನಿಂತಿರ್ತಾವು. ಮನ್ಯಾಗ ಪಿಡಿಎಫ್ ಮಾಡಿ, ಪೆನ್‌ಡ್ರೈವಿಗೆ ಹಾಕ್ಕೊಂಡು ಸಾಲಿ ಆಫೀಸಿನ ಪ್ರಿಂಟರಿನ್ಯಾಗ ತಗೀರಿ. ವರ್ಡ್ ಫೈಲ್ ಒಯ್ಯಬ್ಯಾಡ್ರಿ. ನೀವು ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರದ ಚುರಮುರಿ ಕಾಣತೈತಿ. ಪಿಡಿಎಫ್ ಆದ್ರ ಆ ತ್ರಾಸಿಲ್ಲ. ಇಷ್ಟಾದ್ರ ಸೋಮವಾರದ ಗಡಬಿಡಿ ತೀರಿತು, ಉಳಿದದ್ದು ಸಮಾಧಾನದಿಂದ ಮಾಡೋಣು.

ಎರಡನೇದು, ವಾಪಸ್ ಹೋಗೋ ದಾರಿ ಮುಚ್ಚಬ್ಯಾಡ್ರಿ. ಅಪ್‌ಗ್ರೇಡ್ ಆದಮ್ಯಾಲ 10 ದಿನದ ತನಕ ಹಳೇ ವಿಂಡೋಸಿಗೆ ಮರಳಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲೆ ‘ಗೋ ಬ್ಯಾಕ್’ ಅಂತ ಬಟನ್ ಇರತೈತಿ. ನಿಮಗ ಬರೋ ಬುಧವಾರದ ಮಟ ಟೈಮ್ ಐತಿ. ಅಲ್ಲೀ ತನಕ ಸಿ ಡ್ರೈವಿನ ‘ವಿಂಡೋಸ್.ಓಲ್ಡ್’ ಫೋಲ್ಡರ್ ಅಳಿಸಬ್ಯಾಡ್ರಿ. ಡಿಸ್ಕ್ ಕ್ಲೀನಪ್ಪಿನ್ಯಾಗ ಹಿಂದಿನ ವಿಂಡೋಸ್ ತಗೀಲೇನು ಅಂತ ಕೇಳಿದ್ರ ಟಿಕ್ ಹಾಕಬ್ಯಾಡ್ರಿ, ಅದು ಹೋದ್ರ ಬಟನ್ನೂ ಹೋದಂಗ. 10 ದಿನ ಸಾಲಂಗಿಲ್ಲ ಅನಿಸಿದ್ರ 60ರ ತನಕ ಎಳೀಬಹುದು. ಕಮಾಂಡ್ ಪ್ರಾಂಪ್ಟ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೀರಿ. ಡಿಐಎಸ್‌ಎಂ /ಆನ್‌ಲೈನ್ /ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ /ವ್ಯಾಲ್ಯೂ:60 ಅಂತ ಇಂಗ್ಲಿಷ್ ಅಕ್ಷರದಾಗ ಹೊಡೀರಿ. ಓಎಸ್‌ದಿಂದ ವಿಂಡೋ ತನಕ ಒಂದೇ ಶಬ್ದ, ನಡುವ ಜಾಗ ಬಿಡಬಾರದು. ಆದ್ರ ವಿಂಡೋಸ್ 10ರಾಗ ಕಾಯಂ ಇರೂದು ಇನ್ನ ಚೊಲೋ ಅಲ್ಲ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದೈತಿ, ಮನೀ ಬಳಕೆಗೆ ಕೊಟ್ಟ ಹೆಚ್ಚಿನ ಸುರಕ್ಷಾ ಅಪ್‌ಡೇಟಿನ ಗಡುವು 2026ರ ಅಕ್ಟೋಬರ್ 13. ವಾಪಸ್ ದಾರಿ ಕೈಕೊಟ್ಟಾಗ ಹಿಡಿಯಾಕ, ಅಷ್ಟ.

ಈಗ ಮುಖ್ಯ ಮಾತು. ನಿಮ್ಮ ಸಾಮಾನು ಯಾವುದೂ ಕೆಟ್ಟಿರಲಿಕ್ಕಿಲ್ಲ. ಖರೇ ಐತೋ ಇಲ್ಲೋ ನೀವೇ ನೋಡ್ರಿ: ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯಾಸ್ (ವಿಂಡೋಸ್ ಏಳೂಕಿಂತ ಮೊದಲಿನ ಸೆಟ್ಟಿಂಗ್ ಪರದೆ) ಒಳಗ ಹೋಗ್ರಿ. ಅಲ್ಲೆ ಪರದೆ ನೆಟ್ಟಗ ಕಂಡ್ರ ಗ್ರಾಫಿಕ್ಸ್ ಕಾರ್ಡು, ಕೇಬಲ್ಲು, ಮಾನಿಟರು ಮೂರೂ ಹೆಚ್ಚಾಗಿ ಚೊಲೋ ಅದಾವು ಅಂತ ತಿಳೀರಿ. ಅಪ್‌ಗ್ರೇಡ್ ಮಾಡುವಾಗ ವಿಂಡೋಸ್ ತನಗ ಒಪ್ಪಿದ ಡ್ರೈವರ್‌ ಅಷ್ಟ ಜೋಡಿ ತಗೊಂಡು ಬರತೈತಿ, ಉಳಿದದ್ದು ಬಿಡತೈತಿ. ಬಿಟ್ಟ ಜಾಗಾದಾಗ ತನ್ನ ಸಾದಾ ಡ್ರೈವರ್ ಇಡತೈತಿ. ನಿಮ್ಮ ಮೊದಲನೇ ಫೋಟೋದಾಗ ಡಿಸ್‌ಪ್ಲೇ ಅಡಾಪ್ಟರ್ ಕೆಳಗ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಐತಲ್ಲ, ಅದು ಇದ. ಚಿತ್ರ ತೋರಸಾಕ ಸಾಕು, ಚಂದ ಕಾಣಾಕ ಸಾಲಂಗಿಲ್ಲ.

ಹಂಗಾದ್ರ ಯಾವ ಡ್ರೈವರ್ ಬೇಕು ಅಂತ ಹೆಂಗ ತಿಳಕೊಳ್ಳೂದು? ಊಹೆ ಮಾಡಬ್ಯಾಡ್ರಿ, ಡಬ್ಬಿ ಮ್ಯಾಲಿನ ಹೆಸರೂ ನಂಬಬ್ಯಾಡ್ರಿ, ಸಾಮಾನನ್ನ ಕೇಳ್ರಿ. ಸ್ಟಾರ್ಟ್ ಬಟನ್ ಮ್ಯಾಲ ರೈಟ್ ಕ್ಲಿಕ್, ಡಿವೈಸ್ ಮ್ಯಾನೇಜರ್. ಹಳದಿ ಗುರುತು ಇದ್ದದ್ದರ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್. ಮೊದಲ ಪುಟದಾಗ ಕೋಡ್ 28 ಅಂತಿದ್ರ ಡ್ರೈವರ್ ಇಲ್ಲೇ ಇಲ್ಲ. ಕೋಡ್ 10 ಇದ್ರ ಸಾಧನ ಚಾಲೂ ಆಗವಲ್ದು, ಹೆಚ್ಚಾಗಿ ಡ್ರೈವರ್ ಹೊಂದಿಲ್ಲ. ಕೋಡ್ 43 ಇದ್ರ ಸಾಮಾನು ತಾನೇ ತಕರಾರು ಹೇಳಾಕತ್ತೈತಿ, ಆವಾಗ ಕೇಬಲ್ಲೂ ಪೋರ್ಟೂ ಬದಲಿಸಿ ನೋಡಬೇಕು. ಆಮ್ಯಾಲ ‘ಡೀಟೇಲ್ಸ್’ ಪುಟಕ್ಕ ಹೋಗಿ, ಪಟ್ಟಿಯೊಳಗ ‘ಹಾರ್ಡ್‌ವೇರ್ ಐಡೀಸ್’ ಆರಿಸ್ರಿ. ನಾಕೈದು ಸಾಲು ಬರ್ತಾವು, ನೋಡಿದ್ರ ತಲಿ ತಿರಗತೈತಿ, ಆದ್ರ ನಿಮಗ ಬೇಕಾದದ್ದು ಎರಡೇ. ವಿಇಎನ್ ಮುಂದಿನ ನಾಕು ಅಕ್ಷರ ತಯಾರಕರದು, ಡಿಇವಿ ಮುಂದಿನ ನಾಕು ಮಾಡೆಲ್ಲಿಂದು.

ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ: ವಿಇಎನ್ 10ಡಿಇ, ಡಿಇವಿ 128ಬಿ. 10ಡಿಇ ಅಂದ್ರ ಎನ್ವಿಡಿಯಾ, 128ಬಿ ಅಂದ್ರ ಜಿಟಿ 710 ಕಾರ್ಡ್. ಇದ ತರಾ 8086 ಇದ್ರ ಇಂಟೆಲ್, 1002 ಇದ್ರ ಎಎಂಡಿ, 10ಇಸಿ ಇದ್ರ ರಿಯಲ್‌ಟೆಕ್. ಯುಎಸ್‌ಬಿ ಸಾಮಾನಿಗೆ ವಿಇಎನ್ ಬದಲಿ ವಿಐಡಿ, ಡಿಇವಿ ಬದಲಿ ಪಿಐಡಿ ಅಂತ ಇರತೈತಿ.

ನಾನೂ ಮೊದಲ ಹಿಂಗ ನಂಬರ್ ನೋಡತಿದ್ದಿಲ್ಲ. ನಮ್ಮ ಸಪ್ತಾಪುರದ ಮನ್ಯಾಗ ಹಳೇ ಲ್ಯಾಪ್‌ಟಾಪಿಗೆ ಇಂಥಾದ್ದ ಒಂದು ಪುಕ್ಕಟ ಡ್ರೈವರ್ ಪ್ಯಾಕ್ ಹಾಕಿದ್ದೆ. ಒಂದು ತಾಸು ಹಸರ ಪಟ್ಟಿ ಓಡ್ತು, ಮುಗಿಯೂದ್ರಾಗ ಎರಡು ಆಂಟಿವೈರಸ್, ಒಂದು ಬ್ರೌಸರ್, ಹವಾಮಾನ ಹೇಳೋದೊಂದು ಬಂದು ಕುಂತಿದ್ವು. ಸೌಂಡ್ ಬರಲಿಲ್ಲ. ಅದರ ಮ್ಯಾಲ ನೆಟ್ಟಗಿದ್ದ ಟಚ್‌ಪ್ಯಾಡೂ ಕೈಬಿಡ್ತು. ಅವೆಲ್ಲಾ ಕಿತ್ತು ತಗಿಯಾಕ ಹಿಡಿದ ಹೊತ್ತಿನ್ಯಾಗ ಸೌಂಡ್ ಡ್ರೈವರ್ ಹತ್ತು ಸರ್ತಿ ಹಾಕಬಹುದಿತ್ತು.

ಕೆಲಸದ ಸರದಿ ಹಿಂಗ ಇಡ್ರಿ. ಎಲ್ಲಾಕಿಂತ ಮೊದಲ ನೆಟ್. ನೆಟ್ ಬಂದ್ರ ಅರ್ಧ ಡ್ರೈವರ್ ವಿಂಡೋಸ್ ತಾನ ಹುಡುಕಿ ಹಾಕ್ಕೊಂತೈತಿ. ಡಾಂಗಲ್ ಇಲ್ಲದ ನೆಟ್ ಎಲ್ಲಿಂದ ತರೂದು ಅಂತೀರಿ. ನಿಮ್ಮ ಆಂಡ್ರಾಯ್ಡ್ ಫೋನ್ ಚಾರ್ಜಿಂಗ್ ಕೇಬಲ್ಲಿಂದ ಕಂಪ್ಯೂಟರಿಗೆ ಹಚ್ರಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನ್ಯಾಗ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡ್ರಿ. ಇದಕ ಬ್ಯಾರೆ ಡ್ರೈವರ್ ಬೇಕಾಗಂಗಿಲ್ಲ. ಫೋನು ಮನೀ ವೈಫೈಗೆ ಕೂಡಿದ್ರ ಆ ನೆಟ್ ಕೇಬಲ್ಲಿನ್ಯಾಗ ಹಾದು ಬರತೈತಿ, ಮೊಬೈಲ್ ಡೇಟಾ ಖರ್ಚಾಗಂಗಿಲ್ಲ. ಕೇಬಲ್ ಮಾತ್ರ ಡೇಟಾ ಒಯ್ಯೋದಿರಬೇಕು. ಬರೇ ಚಾರ್ಜಿಗೆ ಅಂತ ಸಿಗೋ ಅಗ್ಗದ ಕೇಬಲ್ಲಿನ್ಯಾಗ ಏನೂ ಕಾಣಂಗಿಲ್ಲ.

ನೆಟ್ ಬಂದಮ್ಯಾಲ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್. ಅಲ್ಲೆ ಡ್ರೈವರ್ ಅಪ್‌ಡೇಟ್ಸ್ ಅಂತ ಒಂದು ಪಟ್ಟಿ ಅಡಗಿ ಕುಂತಿರತೈತಿ, ಭಾಳ ಮಂದಿ ಅದನ್ನ ತೆರೆದೇ ನೋಡಂಗಿಲ್ಲ. ಎಲ್ಲದಕ್ಕೂ ಟಿಕ್ ಹೊಡೀಬ್ಯಾಡ್ರಿ, ತ್ರಾಸ ಕೊಡೂದಕ್ಕಷ್ಟ ಹಾಕ್ರಿ. ನೆಟ್ಟಗಿದ್ದದ್ದನ್ನ ಕೆದಕಬಾರದು.

ಆಮ್ಯಾಲ ಮದರ್‌ಬೋರ್ಡಿನ ಚಿಪ್‌ಸೆಟ್, ಅಂದ್ರ ಬೋರ್ಡಿನ ಭಾಗಗಳನ್ನ ಒಂದಕ್ಕೊಂದು ಜೋಡಿಸೋ ಚಿಪ್. ನಿಮ್ಮ ಪಟ್ಟಿಯೊಳಗ ‘ಎಸ್‌ಎಂ ಬಸ್ ಕಂಟ್ರೋಲರ್’ ಅಂತಲೂ ‘ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್’ ಅಂತಲೂ ಹಳದಿ ಬಿದ್ದಾವು. ಬಸ್ ಅಂದ್ರ ನಮ್ಮ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ಸಿನ ಚಿಗರಿ ಬಸ್ ಅಲ್ರಿ ಮತ್ತ, ಬೋರ್ಡಿನೊಳಗಿನ ಸಣ್ಣ ಸಂಪರ್ಕ ದಾರಿ. ಇಂಟೆಲ್ ಬೋರ್ಡಿನ್ಯಾಗ ಮೊದಲನೇದಕ್ಕ ಚಿಪ್‌ಸೆಟ್ ಡ್ರೈವರ್ ಬೇಕು, ಎರಡನೇದಕ್ಕ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರ್. ಬೋರ್ಡ್ ಯಾವುದು ಅಂತ ತಿಳಿಯಾಕ ವಿಂಡೋಸ್ ಕೀ ಜೋಡಿ ಆರ್ ಒತ್ತಿ ‘ಎಂಎಸ್‌ಇನ್ಫೋ32’ ಹೊಡೀರಿ, ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಮುಂದ ಮಾಡೆಲ್ ಇರತೈತಿ. ಅದ ಹೆಸರಿನಿಂದ ಬೋರ್ಡ್ ಮಾಡಿದವರ ಸ್ವಂತ ತಾಣದಾಗ ಸಪೋರ್ಟ್ ಪುಟ ಹುಡುಕ್ರಿ. ಗೂಗಲ್ ಮಾಡಿದಾಗ ಮ್ಯಾಲ ಜಾಹೀರಾತಿನ ತಾಣ ಬರ್ತಾವು, ಅವಕ್ಕ ಕಾಲಿಡಬ್ಯಾಡ್ರಿ.

ಈಗ ಗ್ರಾಫಿಕ್ಸ್. ಇಲ್ಲೆ ನಂದೊಂದು ಬ್ಯಾರೆ ಸಲಹಾ ಐತಿ. ಜಿಟಿ 710 ಹಳೇ ಕೆಪ್ಲರ್ ಪೀಳಿಗೆಯ ಕಾರ್ಡ್. 2021ರ ನಂತರ ಎನ್ವಿಡಿಯಾದ ಹೊಸ ಸಾಲಿನ ಡ್ರೈವರ್‌ ಇದಕ ಕೂಡಂಗಿಲ್ಲ. ತಾಣಕ್ಕ ಹೋಗಿ ಎಲ್ಲಾಕಿಂತ ಹೊಸಾದ್ದು ಇಳಿಸಿದ್ರ ‘ನಿಮ್ಮ ಹಾರ್ಡ್‌ವೇರ್ ಹೊಂದಂಗಿಲ್ಲ’ ಅಂತ ಹೇಳಿ ನಿಂತುಬಿಡತೈತಿ. ನೀವು ಮೂರು ಸರ್ತಿ ಹಾಕಿದ್ರೂ ಆಗಲಿಲ್ಲ ಅಂದದ್ದು ಇದಕ ಇರಬೇಕು. ಇದಕ 470ರ ಸಾಲಿನ ಡ್ರೈವರ್ ಬೇಕು. ತಾಣದ ಹುಡುಕು ಪೆಟ್ಟಿಗ್ಯಾಗ ಕಾರ್ಡಿನ ಹೆಸರು ಜಿಟಿ 710 ಅಂತಲೇ ಆರಿಸಿ, ವಿಂಡೋಸ್ 11 ಅಂತ ಕೊಟ್ರ ಅದ ಸಿಗತೈತಿ.

ಆದ್ರ ಅಕ್ಕೋರ, ನಿಮ್ಮ ಪ್ರೊಸೆಸರ್ ಐ5-8400 ಅಂತ ಬರದೀರಿ. ಅದರೊಳಗ ಇಂಟೆಲ್ ಯುಎಚ್‌ಡಿ 630 ಗ್ರಾಫಿಕ್ಸ್ ಮೊದಲ ಐತಿ! ಮ್ಯಾಲೊಂದು ಜಿಟಿ 710 ಯಾರು ಯಾಕ ಹಾಕಿ ಕೊಟ್ರೋ. ಪ್ರಶ್ನೆಪತ್ರಿಕಿ, ಯೂಟ್ಯೂಬ್, ಫಲಿತಾಂಶದ ಎಕ್ಸೆಲ್, ಇಷ್ಟಕ್ಕ ಒಳಗಿಂದೇ ಧಾರಾಳ ಸಾಕು. ಕಂಪ್ಯೂಟರ್ ಬಂದ್ ಮಾಡಿ, ವೈರ್ ಕಿತ್ತು, ಆ ಕಾರ್ಡ್ ತಗದು, ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿಗೆ ಹಚ್ಚಿ ನೋಡ್ರಿ. ಕಾರ್ಡ್ ಎಳಿಯೂಕಿಂತ ಮೊದಲ ಸ್ಲಾಟಿನ ತುದಿಗಿರೋ ಸಣ್ಣ ಪ್ಲಾಸ್ಟಿಕ್ ಚಿಲಕ ಒತ್ತಬೇಕು. ಅದನ್ನ ಮರತು ಜಗ್ಗಿ ನಾನೊಮ್ಮೆ ಸ್ಲಾಟೇ ಮುರದೀನಿ. ಮಾನಿಟರಿಗೂ ಬೋರ್ಡಿಗೂ ಒಂದೇ ನಮೂನಿ ಪೋರ್ಟ್ ಐತೋ ಇಲ್ಲೋ ಮೊದಲ ನೋಡಿಕೋರಿ. ಹಂಗ ಮಾಡಿದ್ರ ಹಳೇ ಎನ್ವಿಡಿಯಾ ಡ್ರೈವರಿನ ಕಥಿನೇ ಮುಗೀತು.

ಕಾರ್ಡ್ ಇಟ್ಟುಕೊಳ್ಳವ್ರೇ ಆದ್ರ, ಅರ್ಧಮರ್ಧ ಕುಂತ ಹಳೇದನ್ನ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನೋ ತಂತ್ರಾಂಶದಿಂದ, ಸೇಫ್ ಮೋಡಿನ್ಯಾಗ (ವಿಂಡೋಸ್ ಬೇಕಾದಷ್ಟ ಹಾಕ್ಕೊಂಡು ಏಳೋ ರೀತಿ), ನೆಟ್ ಬಿಚ್ಚಿ ತಗೀರಿ. ಸಾದಾ ರೀತಿ ಆಗದಿದ್ರಷ್ಟ.

ಸೌಂಡ್: ಅಗದಿ ಸಣ್ಣ ಕಾರಣ ಇರಬಹುದು. ಮೂರನೇ ಫೋಟೋದಾಗ ರಿಯಲ್‌ಟೆಕ್ ಮುಂದ ಹಳದಿ ಇಲ್ಲ, ಅಂದ್ರ ಡ್ರೈವರ್ ಕುಂತೈತಿ. ಗಡಿಯಾರದ ಬಾಜೂ ಸ್ಪೀಕರ್ ಚಿತ್ರ ಒತ್ತಿ, ಸೌಂಡ್ ಎಲ್ಲಿಗೆ ಹೋಗಾಕತ್ತೈತಿ ನೋಡ್ರಿ. ಎಚ್‌ಡಿಎಂಐ ಕೇಬಲ್ ಇದ್ದಲ್ಲೆ ವಿಂಡೋಸ್ ಮಾನಿಟರ್ ಆರಿಸಿಕೊಂಡಿರಬಹುದು, ಸ್ಪೀಕರ್ ಇಲ್ಲದ ಮಾನಿಟರ್ ಏನು ಹಾಡೀತು? ‘ಸ್ಪೀಕರ್ಸ್’ ಆರಿಸ್ರಿ.

ಪ್ರಿಂಟರಿಗೂ ಹಂಗ, ಮೊದಲ ಪೋರ್ಟ್ ನೋಡ್ರಿ. ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್. ಟಿಕ್ ಯುಎಸ್‌ಬಿ001ರ ಮ್ಯಾಲ ಇದ್ದು, ಕೇಬಲ್ ಈಗ ಯುಎಸ್‌ಬಿ002 ಅಂತ ಗುರುತಾಗಿದ್ರ ಕೆಲಸ ಸರದಿಯೊಳಗ ಕುಂತು ಕೊಳಿತೈತಿ. ಟಿಕ್ ಬದಲಿಸಿದ್ರ ಅಷ್ಟಕ್ಕ ಹಾಳಿ ಬರಬಹುದು. ಬರದಿದ್ರ ಪ್ರಿಂಟರ್ ತಗದುಹಾಕಿ, ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಒಳಗ ಡ್ರೈವರ್ಸ್ ಪುಟದಿಂದ ಹಳೇ ಡ್ರೈವರೂ ತಗೀರಿ. ಕ್ಯಾನನ್ ತಾಣದಾಗ 2900ಕ್ಕ 64 ಬಿಟ್ ಡ್ರೈವರ್ ಸಿಗತೈತಿ. ವಿಂಡೋಸ್ 11ದಾಗ 32 ಬಿಟ್ ಆವೃತ್ತಿನೇ ಇಲ್ಲ, ಪ್ರಿಂಟರ್ ತಗೊಂಡಾಗ ಬಂದ ಹಳೇ ಸಿಡಿಯೊಳಗ 32 ಬಿಟ್ ಡ್ರೈವರ್ ಅಷ್ಟ ಇರಬಹುದು, ಹಂಗಾಗಿ ಅದನ್ನ ನಂಬಬ್ಯಾಡ್ರಿ. ಕೇಬಲ್ ಬಿಚ್ಚಿ ಇನ್‌ಸ್ಟಾಲ್ ಚಾಲೂ ಮಾಡಿ, ಯುಎಸ್‌ಬಿ ಆರಿಸಿ, ಅದು ಕೇಳಿದಾಗಷ್ಟ ಕೇಬಲ್ ಹಚ್ಚಿ ಪ್ರಿಂಟರ್ ಆನ್ ಮಾಡ್ರಿ. ಇಲ್ಲೇ ಗಡಬಿಡಿ ಮಾಡಿ ಮಂದಿ ಕೆಡಸ್ಕೊಂತಾರ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬ್ಯಾಡ, ಹಿಂದಿನ ಕರೇ ಬಣ್ಣದ್ದಕ್ಕ ಹಚ್ರಿ.

ಒಂದೊಂದು ಡ್ರೈವರ್ ಆದಮ್ಯಾಲ ‘ರೀಸ್ಟಾರ್ಟ್’ ಕೊಡ್ರಿ, ‘ಶಟ್‌ಡೌನ್’ ಮಾಡಿ ಮತ್ತ ಚಾಲೂ ಮಾಡಿದ್ರ ಅದ ಅಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ರ ಶಟ್‌ಡೌನಿನ್ಯಾಗ ವಿಂಡೋಸ್ ಪೂರಾ ಮಲಗಂಗಿಲ್ಲ, ಒಳಗಿನ ಸ್ಥಿತಿ ಡಿಸ್ಕಿಗೆ ಬರದಿಟ್ಟು ಅದನ್ನ ಮರುದಿನ ಎಬ್ಬಸತೈತಿ. ಮತ್ತ, ಯಾರರೇ ‘ಮೆಮರಿ ಇಂಟೆಗ್ರಿಟಿ ಆಫ್ ಮಾಡ್ರಿ, ಹಳೇ ಡ್ರೈವರ್ ಕೂಡತೈತಿ’ ಅಂದ್ರ ಮಾಡಬ್ಯಾಡ್ರಿ. ಅದು ವಿಂಡೋಸಿನ ಸುರಕ್ಷಾ ಕಾವಲು. ಹಳೇ ಡ್ರೈವರ್ ಒಂದಕ್ಕಾಗಿ ಕಾವಲು ತಗಿಯೂದು ನನಗ ಒಪ್ಪಿಗಿಲ್ಲ.

ಎಲ್ಲಾ ಕೂಡಿದ ದಿನ ಡಿ ಡ್ರೈವಿನ್ಯಾಗ ‘ಡ್ರೈವರ್ಸ್’ ಅಂತ ಖಾಲಿ ಫೋಲ್ಡರ್ ಮಾಡಿ, ಅದ ಅಡ್ಮಿನಿಸ್ಟ್ರೇಟರ್ ಕಿಟಕ್ಯಾಗ ಪಿಎನ್‌ಪಿಯುಟಿಲ್ /ಎಕ್ಸ್‌ಪೋರ್ಟ್-ಡ್ರೈವರ್ * ಡಿ:\ಡ್ರೈವರ್ಸ್ ಅಂತ ಹೊಡೀರಿ, ಇದೂ ಇಂಗ್ಲಿಷಿನ್ಯಾಗ. ಹೊರಗಿಂದ ಹಾಕಿದ ಡ್ರೈವರ್ ಎಲ್ಲಾ ಅಲ್ಲಿಗೆ ನಕಲಾಗ್ತಾವು. ಪೆನ್‌ಡ್ರೈವಿಗೊಂದು ಪ್ರತಿ ಇಡ್ರಿ.

ಉಳಿದದ್ದು ಡಾಂಗಲ್. ಅದರ ಫೋಟೋ ನೀವು ಹಾಕಿಲ್ಲ. ಮೊದಲ ‘ದಿಸ್ ಪಿಸಿ’ ತೆರೆದು ನೋಡ್ರಿ, ಹೊಸಾ ಸಿಡಿ ಡ್ರೈವ್ ಏನರೇ ಕಾಣತೈತೇನು. ಕೆಲವೊಂದು ಡಾಂಗಲ್ ಚುಚ್ಚಿದ ಕೂಡಲೇ ಸಿಡಿಯಂಗ ವೇಷ ಹಾಕ್ತಾವು, ಡ್ರೈವರ್ ಅದರೊಳಗ ಇರತೈತಿ. ಇಲ್ಲಂದ್ರ ವಿಐಡಿ, ಪಿಐಡಿ ಎರಡೂ ಕಾಣೂವಂಗ ಫೋಟೋ ಹೊಡದು ಇಲ್ಲೇ ಹಾಕ್ರಿ. ಸೀರಿಯಲ್ ನಂಬರ್, ಇಮೇಲ್ ಕಾಣದಂಗ ನೋಡಿಕೋರಿ. ರಾತ್ರಿ ಊಟ ಆದಮ್ಯಾಲ ನೋಡಿ ಯಾವುದು ಇಳಿಸಬೇಕು ಹೇಳ್ತೀನಿ.