ಎಲೆಕೋಸು ಬಿಟ್ಟರೆ ಥೈರಾಯ್ಡ್ ಮಾತ್ರೆ ನಿಲ್ಲಿಸಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಥೈರಾಯ್ಡ್‌ಗೆ ಆಗಲ್ಲ ಅಂತ ನಾನೂ ಒಂದು ವರ್ಷ ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲ ಬಿಟ್ಟಿದ್ದೆ. ಥೈರಾಯ್ಡ್ ಕೆಲಸ ಕುಗ್ಗಿದಷ್ಟೂ ರಕ್ತ ಪರೀಕ್ಷೆಯಲ್ಲಿ ಏರುವ ಟಿಎಸ್‌ಎಚ್ 9 ಇದ್ದದ್ದು 11 ಆಯಿತು!

ಆಗ ಬೆಳಿಗ್ಗೆ ನನಗೆ ಮೂರು ಮಾತ್ರೆ. ಥೈರಾಯ್ಡ್‌ಗೆ ಲಿವೊಥೈರಾಕ್ಸಿನ್ ಅನ್ನೋ ಹಾರ್ಮೋನು, ಮೂಳೆಗೆ ಕ್ಯಾಲ್ಸಿಯಂ, ರಕ್ತ ಕಡಿಮೆ ಅಂತ ಐರನ್. ಮರೆಯಬಾರದು ಅಂತ ರಾತ್ರಿಯೇ ಮೂರನ್ನೂ ಒಂದು ಬಟ್ಟಲಿಗೆ ಹಾಕಿಟ್ಟು, ಬೆಳಿಗ್ಗೆ ಒಂದೇ ಗುಟುಕಿಗೆ ನುಂಗುತ್ತಿದ್ದೆ. ಹಿಂದೆಯೇ ಕಾಫಿ. ನನ್ನಷ್ಟು ಶಿಸ್ತು ಯಾರಿಗಿದೆ ಅಂತ ಹೆಮ್ಮೆ ಬೇರೆ. ಕ್ಯಾಲ್ಸಿಯಂ, ಐರನ್ ಎರಡೂ ಹೊಟ್ಟೆಯೊಳಗೆ ಆ ಹಾರ್ಮೋನಿಗೆ ಅಂಟಿಕೊಂಡುಬಿಡುತ್ತವೆ. ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿಯೂ ಅಡ್ಡಿಯೇ. ನಾನು ದಿನಾ ತಪ್ಪದೆ ನುಂಗಿದ ಮಾತ್ರೆಯಲ್ಲಿ ಎಷ್ಟೋ ಪಾಲು ರಕ್ತಕ್ಕೇ ಸೇರುತ್ತಿರಲಿಲ್ಲ. ಡಾಕ್ಟರು 50 ಮೈಕ್ರೊಗ್ರಾಂ ಇದ್ದದ್ದನ್ನು 75 ಮಾಡಿದರು, ಆಮೇಲೆ 100. ನಾನು ಇನ್ನೊಂದೆರಡು ತರಕಾರಿ ಬಿಟ್ಟೆ. ಬೇರೆ ಏನಾದರೂ ತಗೊಳ್ತೀರಾ ಅಂತ ಡಾಕ್ಟರು ಕೇಳಿದ್ದರು, ಇಲ್ಲ ಅಂದಿದ್ದೆ. ಕ್ಯಾಲ್ಸಿಯಂ ಕೂಡ ಮಾತ್ರೆಯೇ ಅಂತ ತಲೆಗೆ ಹೊಳೆದಿರಲಿಲ್ಲ, ಅಷ್ಟೇ. ಕೊನೆಗೆ ಔಷಧಿ ಅಂಗಡಿಯವರು ಮೂರೂ ಕೈಗೆ ಕೊಡುತ್ತಾ "ಒಟ್ಟಿಗೆ ತಗೊಳ್ಳಲ್ಲ ತಾನೆ?" ಅಂದರು.

ಈಗ ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ, ಐರನ್ ಕಡೇ ಪಕ್ಷ 4 ಗಂಟೆ ಆದಮೇಲೆ. ಹೀಗೆ ಬದಲಿಸಿದ ಮೇಲೆ ಎದೆ ಡವಡವ ಅನ್ನತೊಡಗಿತು. 100 ಮೈಕ್ರೊಗ್ರಾಂ ಪೂರ್ತಿ ಒಳಗೆ ಹೋಗತೊಡಗಿತ್ತಲ್ಲ! ಮತ್ತೆ 75ಕ್ಕೆ ಇಳಿಸಿದರು. ಹಾಗಾಗಿ ಹೊತ್ತು ಬದಲಿಸುವುದಾದರೆ ಡಾಕ್ಟರಿಗೆ ಹೇಳಿ, 6-8 ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಆಹಾರದಲ್ಲೇ ಸರಿಮಾಡಿಕೊಂಡು ಮಾತ್ರೆ ಬಿಡುವ ಯೋಚನೆ. ನಿಮ್ಮದು ನನ್ನ ಹಾಗೆ ಹಾಶಿಮೊಟೊ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆ ಆಗಿದ್ದರೆ ಆ ಯೋಚನೆ ಬಿಟ್ಟುಬಿಡಿ. ನಮ್ಮ ದೇಹವೇ ಹಾಳು ಮಾಡಿದ ಗ್ರಂಥಿಯನ್ನು ಊಟ ರಿಪೇರಿ ಮಾಡುವುದಿಲ್ಲ. ಅಯೋಡಿನ್ ಕೊರತೆಯಿಂದ ಬಂದಿದ್ದರೆ ಮಾತು ಬೇರೆ, ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಅದರಿಂದ. ಆದರೂ ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಬರೀ 150 ಮೈಕ್ರೊಗ್ರಾಂ. ಗರ್ಭಿಣಿಯರಿಗೆ ಸ್ವಲ್ಪ ಜಾಸ್ತಿ ಬೇಕು. ಅಡುಗೆಗೆ ಅಯೋಡಿನ್ ಉಪ್ಪು ಬಳಸುವವರು ಕಡಲಕಳೆ ಮಾತ್ರೆ, ಅಯೋಡಿನ್ ಹನಿ ಅಂತ ಸುಮ್ನೆ ಶುರುಮಾಡಬೇಡಿ. ಅತಿಯಾದ ಅಯೋಡಿನ್ ಕೂಡ ಥೈರಾಯ್ಡ್ ಕೆಲಸ ಕುಗ್ಗಿಸುತ್ತದೆ, ಹಾಶಿಮೊಟೊ ಇದ್ದವರಲ್ಲಂತೂ ಇನ್ನೂ ಸುಲಭವಾಗಿ. ಎಲೆಕೋಸು ಬೇಯಿಸಿ ತಿನ್ನಿ. ಬುಟ್ಟಿಗಟ್ಟಲೆ ಹಸಿಯಾಗಿ ತಿನ್ನದಿದ್ದರೆ ಏನೂ ಆಗಲ್ಲ.

ಹಾಂ, ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ದರೆ ಪರೀಕ್ಷೆಗೆ ಮೊದಲೇ ಹೇಳಿ. ಅದರಿಂದ ರಿಪೋರ್ಟೇ ತಪ್ಪಾಗಿ ಬರಬಹುದು.

ತಿನ್ನುವ ತರಕಾರಿಯನ್ನೆಲ್ಲ ಪಟ್ಟಿ ಮಾಡಿದ್ದೀರಿ. ಮಾತ್ರೆ ಎಷ್ಟು ಹೊತ್ತಿಗೆ, ಯಾವುದರ ಜೊತೆ ನುಂಗುತ್ತೀರಿ ಅಂತ ಎಲ್ಲೂ ಬರೆದಿಲ್ಲವಲ್ಲ?