ರಬ್ಬರ್ ವೇಷಕ್ಕೆ ಯಾರು ಹೆದರಿದ್ದರು?

1950ರ ದಶಕದ ಭಯದ ಸಿನಿಮಾಗಳ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಜಪಾನಿನ ‘ಗೊಜಿರಾ’ (ಗಾಡ್ಜಿಲ್ಲಾ) ಹುಡುಕಿ ನೋಡಿದ್ದೀರಿ; ಹೈಡ್ರೋಜನ್ ಬಾಂಬ್ ಪರೀಕ್ಷೆಯಿಂದ ಎಚ್ಚೆತ್ತ ದೈತ್ಯ ಪ್ರಾಣಿಯೊಂದು ಟೋಕಿಯೋಗೆ ನುಗ್ಗುವ ಸಿನಿಮಾ ಅದು. “ರಬ್ಬರ್ ವೇಷ ತೊಟ್ಟವನೊಬ್ಬ ಆಟಿಕೆ ಊರು ತುಳಿಯುತ್ತಾನೆ, ಮನೆಯ ಮಕ್ಕಳೂ ನಕ್ಕರು. ಇದಕ್ಕೆ ಯಾರು ಹೆದರಿದ್ದರು?” ಎಂದು ಕೇಳಿದ್ದೀರಿ.

ವೇಷ ವೇಷದಂತೆಯೇ ಕಾಣುತ್ತದೆ, ಒಪ್ಪಿದೆ. ಆದರೆ ಅದು ತೆರೆಗೆ ಬಂದದ್ದು 1954ರ ನವೆಂಬರ್ 3ರಂದು. ಆ ವರ್ಷ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದು ಲೆಕ್ಕ ಹಾಕಿದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ಜೋರಾಗಿ ಸಿಡಿಯಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ಬಿಳಿ ಬೂದಿ ಹಿಮದಂತೆ ಉದುರಿತು. 23 ಮೀನುಗಾರರು ಅದನ್ನು ಮೈಗೆ ಮೆತ್ತಿಕೊಂಡೇ ಗಾಳದ ಹಗ್ಗ ಎಳೆದರು. ಮೈ ಸುಟ್ಟುಕೊಂಡು ಊರಿಗೆ ಮರಳಿದರು. ಜಪಾನಿನ ಜನ ಮೀನು ತಿನ್ನಲು ಅಂಜಿದರು. ದೋಣಿಯ ರೇಡಿಯೋ ಆಪರೇಟರ್ ಸೆಪ್ಟೆಂಬರ್ 23ರಂದು ತೀರಿಕೊಂಡರು. ಇಶಿರೋ ಹೋಂಡಾ ನಿರ್ದೇಶಿಸಿದ ಈ ಸಿನಿಮಾ ಬಂದಾಗ ಆ ಸಾವಿಗೆ ಇನ್ನೂ ಆರು ವಾರ ತುಂಬಿರಲಿಲ್ಲ.

ಈಗ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಡೆಕ್ಕಿನ ಮೇಲೆ ಆರಾಮಾಗಿ ಕೂತ ನಾವಿಕರು, ಸಮುದ್ರದಲ್ಲಿ ಕಣ್ಣು ಕುಕ್ಕುವ ಬೆಳಕು, ಕೊನೆಯ ಸಂದೇಶ ಕಳಿಸಲು ಹೆಣಗುವ ರೇಡಿಯೋ ಆಪರೇಟರ್. ಪ್ರಾಣಿ ಇನ್ನೂ ಕಂಡೇ ಇಲ್ಲ. ಟೋಕಿಯೋದ ಪ್ರೇಕ್ಷಕರಿಗೆ ಅದು ಕಾಣಬೇಕಾಗಿಯೂ ಇರಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಆಸ್ಪತ್ರೆಯ ದೃಶ್ಯ. ಗಾಯಾಳುಗಳ ನಡುವೆ ಪುಟ್ಟ ಮಗುವೊಂದರ ಮುಂದೆ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಅದು ಕಟಕಟ ಎನ್ನುತ್ತದೆ. ಹಿಡಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೂ ಮುಂಚೆ, ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಎನ್ನುತ್ತಾಳೆ. ಅಪ್ಪ ಎಲ್ಲಿ ಸತ್ತ ಎಂದು ಸಿನಿಮಾ ಹೇಳುವುದಿಲ್ಲ. 1945ರ ಮಾರ್ಚಿನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಸುಮಾರು ಒಂದು ಲಕ್ಷ ಜನರನ್ನು ಕಳೆದುಕೊಂಡ ಟೋಕಿಯೋಗೆ ಅದನ್ನು ಬಿಡಿಸಿ ಹೇಳುವವರಾರು?

ಅದೇ ವರ್ಷ ಅಮೆರಿಕದ ತೆರೆಯ ಮೇಲೂ ಅಣುಪರೀಕ್ಷೆಯಿಂದ ದೈತ್ಯ ಇರುವೆಗಳು ಹುಟ್ಟಿಕೊಂಡವು. ಅಲ್ಲಿಯದು ಮುಂದೇನಾದೀತೋ ಎಂಬ ಅಂಜಿಕೆ. ಜಪಾನಿನವರದು ಆಗಿಹೋದದ್ದು ಮತ್ತೆ ಬಂತಲ್ಲ ಎಂಬ ದಿಗಿಲು.

ಇನ್ನೊಂದು ಮಾತು. ನೀವು ನೋಡಿದ ಪ್ರತಿಯಲ್ಲಿ ಅಮೆರಿಕನ್ ವರದಿಗಾರನೊಬ್ಬ ಕಥೆ ಹೇಳುತ್ತಾನೆಂದು ಬರೆದಿದ್ದೀರಿ. ಹಾಗಾದರೆ ಅದು 1956ರಲ್ಲಿ ಅಮೆರಿಕಕ್ಕಾಗಿ ಕತ್ತರಿಸಿ, ಹೊಸ ದೃಶ್ಯ ಸೇರಿಸಿದ ಪ್ರತಿ. ನಾಗಸಾಕಿಯಿಂದ ಪಾರಾಗಿ ಬಂದೆ ಎಂದು ಹೆಂಗಸೊಬ್ಬಳು ರೈಲಿನಲ್ಲಿ ಹೇಳುವ ಮಾತು ಅದರಲ್ಲಿಲ್ಲ. ದಯವಿಟ್ಟು ಮೂಲ ಜಪಾನಿ ಪ್ರತಿಯನ್ನೇ ಹುಡುಕಿ, ರಾತ್ರಿ ಒಬ್ಬರೇ ನೋಡಿ, ಮತ್ತೆ ಬರೆಯಿರಿ.

— ಸಂಪಾದಕ