ಗಾಜು ಒರೆಸೋ ಸ್ಪ್ರೇ ಮಾನಿಟರ್‌ಗೆ ಹಾಕ್ಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮನೆಯಿಂದ್ಲೇ ಕೆಲಸ ಮಾಡೋದು, ದಿನಾ ಎಂಟೊಂಬತ್ತು ಗಂಟೆ ಮಾನಿಟರ್ ಮುಂದೇನೇ ಇರ್ತೀನಿ. ಎಲ್‌ಇಡಿ ಮಾನಿಟರ್, ಹೊಳಪಿಲ್ಲದ ಮ್ಯಾಟ್ ಸ್ಕ್ರೀನು. ಮಗಳು ಚಿತ್ರ ನೋಡೋವಾಗೆಲ್ಲ ಬೆರಳಿಟ್ಟು ತೋರಿಸ್ತಾಳೆ, ಹಾಗಾಗಿ ಎಲ್ಲಾ ಕಡೆ ಜಿಡ್ಡಿನ ಕಲೆ. ಟಿಶ್ಯೂ ಪೇಪರಲ್ಲಿ ಒರೆಸಿದೆ, ಹೋಗೋ ಬದಲು ಹರಡ್ಕೊಂಡು ಮಬ್ಬಾಯ್ತು. ಕಿಟಕಿ ಗಾಜು ಒರೆಸೋ ಸ್ಪ್ರೇ ಮನೇಲಿದೆ, ಅದನ್ನ ಹಾಕ್ಬಹುದಾ?

ಉತ್ತರ: ಬೇಡ, ದಯವಿಟ್ಟು ಆ ಬಾಟಲಿನ ಕಿಟಕಿಗೇ ಬಿಟ್ಬಿಡಿ. ಕೆಲವು ವರ್ಷದ ಹಿಂದೆ ನಾನೂ ನಿಮ್ಮ ಹಾಗೇ ಯೋಚಿಸಿ ಸೀದಾ ಸ್ಕ್ರೀನ್ ಮೇಲೇ ನಾಲ್ಕು ಸಲ ಸ್ಪ್ರೇ ಹೊಡೆದಿದ್ದೆ, ಒರೆಸೋಷ್ಟರಲ್ಲಿ ಒಂದೆರಡು ಹನಿ ಕೆಳಗಿಳಿದು ಫ್ರೇಮ್ ಸಂದಿಗೆ ಹೋಯ್ತು, ಮತ್ತೆ ಆನ್ ಮಾಡಿದಾಗ ಕೆಳಗಿಂದ ಮೇಲಿನ ತನಕ ಉದ್ದುದ್ದ ಗೆರೆ. ಚೆನ್ನಾಗಿ ಕೆಲಸ ಮಾಡ್ತಿದ್ದ ಮಾನಿಟರ್ ಅದು, ಆಮೇಲೆ ಸರಿ ಹೋಗ್ಲೇ ಇಲ್ಲ. ಬಹಳಷ್ಟು ಪ್ಯಾನಲ್‌ಗಳಲ್ಲಿ ಪಿಕ್ಸೆಲ್‌ಗಳಿಗೆ ಸಿಗ್ನಲ್ ಕೊಡೋ ತೆಳ್ಳನೆ ಕನೆಕ್ಷನ್‌ಗಳು ಅಂಚಲ್ಲೇ, ಆ ಫ್ರೇಮ್ ಹಿಂದೇನೇ ಇರ್ತವೆ. ನೀರಿಗೆ ಸಂದಿ ಸಿಕ್ಕಿದ್ರೆ ಸಾಕು, ತಾನಾಗೇ ಒಳಗೆ ಹೀರ್ಕೊಂಡು ಹೋಗತ್ತೆ. ಅದಕ್ಕೇ ಯಾವ ದ್ರವನೇ ಆಗ್ಲಿ, ನೀರೇ ಆಗ್ಲಿ, ಬಟ್ಟೆಗೆ ಹಾಕ್ಬೇಕು, ಸ್ಕ್ರೀನ್‌ಗಲ್ಲ.

ಇನ್ನು ಸ್ಪ್ರೇ ಒಳಗಿರೋ ಕೆಮಿಕಲ್ ವಿಷಯ. ಹಳೇ ಕಾಲದ ದಪ್ಪ ಪೆಟ್ಟಿಗೆಯಂಥ ಸಿಆರ್‌ಟಿ ಮಾನಿಟರ್‌ಗಳಿಗೆ ಮುಂದೆ ಇದ್ದಿದ್ದು ನಿಜವಾದ ದಪ್ಪ ಗಾಜು, ಅದನ್ನ ಕಿಟಕಿ ಥರ ಒರೆಸಿದ್ರೂ ಬಹಳ ಸಲ ಏನೂ ಆಗ್ತಿರ್ಲಿಲ್ಲ, ಆ ಅಭ್ಯಾಸ ನಮ್ಮ ಕೈಯಲ್ಲಿ ಹಾಗೇ ಉಳ್ಕೊಂಡಿದೆ. ಈಗಿನ ಎಲ್‌ಸಿಡಿ ಅಥವಾ ಎಲ್‌ಇಡಿ ಅಂತೀವಲ್ಲ (ಎರಡರದ್ದೂ ಪ್ಯಾನಲ್ ಒಂದೇ, ಹಿಂದಿನ ದೀಪ ಮಾತ್ರ ಬೇರೆ), ಅದರಲ್ಲಿ ನಿಮ್ಮ ಬೆರಳು ಮುಟ್ಟೋದು ಸಾಮಾನ್ಯವಾಗಿ ಗಾಜನ್ನಲ್ಲ. ಗಾಜಿನ ಮೇಲೆ ಪೋಲರೈಸರ್ ಅನ್ನೋ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿರ್ತಾರೆ, ಅದರ ಮೇಲೆ ಒಂದು ಕೋಟಿಂಗ್. ನಿಮ್ಮದು ಮ್ಯಾಟ್ ಅಂದ್ರಲ್ಲ, ಆ ಕೋಟಿಂಗ್‌ನ ಬೇಕಂತ್ಲೇ ಕಣ್ಣಿಗೆ ಕಾಣದಷ್ಟು ತರಿತರಿ ಮಾಡಿರ್ತಾರೆ, ಎದುರಿಂದ ಬರೋ ಬೆಳಕು ಕನ್ನಡಿ ಥರ ವಾಪಸ್ ಹೊಡೀದೆ ಚದುರಿ ಹೋಗ್ಲಿ ಅಂತ. ಗಾಜಿನ ಕ್ಲೀನರ್‌ಗಳಲ್ಲಿ ಅಮೋನಿಯಾನೋ ಆಲ್ಕೊಹಾಲೋ ಇರೋದು ಸಾಮಾನ್ಯ, ಇವು ಗಾಜಿಗೆ ಏನೂ ಮಾಡಲ್ಲ, ಆದ್ರೆ ಈ ಕೋಟಿಂಗ್‌ನ ನಿಧಾನಕ್ಕೆ ತಿನ್ನಬಹುದು. ಒಂದೇ ದಿನಕ್ಕೆ ಗೊತ್ತಾಗಲ್ಲ, ಒರೆಸ್ತಾ ಒರೆಸ್ತಾ ಅಲ್ಲಲ್ಲಿ ಮೋಡ ಕಟ್ಟಿದ ಹಾಗೆ ಕಾಣಕ್ಕೆ ಶುರುವಾಗತ್ತೆ, ಅದು ಕೊಳೆ ಅಲ್ಲ, ಒರೆಸಿದ್ರೆ ಹೋಗಲ್ಲ. ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಅಂತೂ ಹತ್ರಾನೂ ತರ್ಬೇಡಿ.

ಟಿಶ್ಯೂ ಪೇಪರ್ ಮುಟ್ಟೋಕೆ ಮೆತ್ತಗಿರತ್ತೆ, ಆದ್ರೆ ಅದು ಮರದ ನಾರು, ಸಣ್ಣ ಗೀರು ಬೀಳ್ಬಹುದು, ಪುಡಿ ಉದುರಿಸತ್ತೆ, ಜಿಡ್ಡನ್ನ ಎತ್ಕೊಳ್ಳೋಕಿಂತ ಜಾಸ್ತಿ ಬಳಿಯತ್ತೆ. ನಿಮಗೆ ಆಗಿದ್ದೂ ಅದೇ. ಬೇಕಾಗಿರೋದು ಮೈಕ್ರೋಫೈಬರ್ ಬಟ್ಟೆ, ಕನ್ನಡಕದ ಜೊತೆ ಬರತ್ತಲ್ಲ ಅಂಥದ್ದು, ಸ್ವಲ್ಪ ದೊಡ್ಡದು ಎರಡಿದ್ರೆ ಒಳ್ಳೇದು. ಅದರ ಎಳೆಗಳು ಬಹಳ ಸಣ್ಣಗೆ ಸೀಳಿರ್ತವೆ, ಜಿಡ್ಡು ಧೂಳು ಎರಡೂ ಆ ಸೀಳಲ್ಲಿ ಸಿಕ್ಕಾಕ್ಕೊಳ್ಳತ್ತೆ. ಆ ಬಟ್ಟೆ ಒಗೆಯೋವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕ್ಬೇಡಿ, ಎಳೆ ಮೇಲೆ ಪದರ ಕಟ್ಟಿ ಆಮೇಲೆ ಅದೇ ಸ್ಕ್ರೀನ್‌ಗೆ ಬಳ್ಕೊಳ್ಳತ್ತೆ.

ಈಗ ಒರೆಸೋ ಕ್ರಮ. ಮಾನಿಟರ್ ಆಫ್ ಮಾಡಿ ಪ್ಲಗ್ ತೆಗೀರಿ, ಸ್ವಲ್ಪ ಹೊತ್ತು ತಣ್ಣಗಾಗೋಕೆ ಬಿಡಿ. ಬಿಸಿ ಸ್ಕ್ರೀನಲ್ಲಿ ನೀರು ಒರೆಸೋಷ್ಟರಲ್ಲೇ ಆರಿ ಗೆರೆ ಉಳಿಯತ್ತೆ, ಮತ್ತೆ ಕಪ್ಪಗಿದ್ದಾಗ ಕಲೆ ಎಲ್ಲೆಲ್ಲಿದೆ ಅಂತ ಚೆನ್ನಾಗಿ ಕಾಣತ್ತೆ. ಮೊದಲು ಒಣ ಬಟ್ಟೇಲಿ ಧೂಳು ತೆಗೀಬೇಕು, ಇದನ್ನ ಬಿಟ್ರೆ ಧೂಳಲ್ಲಿರೋ ಮರಳಿನ ಕಣಗಳನ್ನ ನಾವೇ ಒದ್ದೆ ಬಟ್ಟೇಲಿ ಉಜ್ಜಿದ ಹಾಗಾಗತ್ತೆ, ಗೀರು ಬೀಳೋದು ಹೆಚ್ಚಾಗಿ ಹೀಗೇನೇ. ಬಾಯಲ್ಲಿ ಉಫ್ ಅಂತ ಊದ್ಬೇಡಿ, ಎಂಜಲಿನ ಹನಿ ಬೀಳತ್ತೆ. ಆಮೇಲೆ ಬಟ್ಟೆಯ ಒಂದು ಮೂಲೆಗೆ ನೀರು ಹಾಕಿ ಚೆನ್ನಾಗಿ ಹಿಂಡಿ, ಕೈಗೆ ತಣ್ಣಗೆ ಅನ್ನಿಸ್ಬೇಕು, ಹಿಂಡಿದ್ರೂ ಒಂದು ಹನಿ ಬರಬಾರದು, ಅಷ್ಟೇ ತೇವ ಸಾಕು. ಮೇಲಿಂದ ಕೆಳಗೆ ಹಗುರವಾಗಿ ಒರೆಸ್ಕೊಂಡು ಬನ್ನಿ, ಕೆಳ ಅಂಚಿನ ಹತ್ರ ಇನ್ನೂ ಹುಷಾರಾಗಿ. ತಕ್ಷಣ ಇನ್ನೊಂದು ಒಣ ಬಟ್ಟೇಲಿ ಒರೆಸಿ, ಪೂರ್ತಿ ಆರಿದ್ಮೇಲೇ ಪ್ಲಗ್ ಹಾಕಿ.

ನೀರು ಡಿಸ್ಟಿಲ್ಡ್ ಆಗಿದ್ರೆ ಒಳ್ಳೇದು, ಬ್ಯಾಟರಿಗೆ ಹಾಕೋದು ಇದನ್ನೇ (ಬ್ಯಾಟರಿ ಆಸಿಡ್ ಬೇರೆ, ಬಾಟಲ್ ನೋಡಿ ತಗೊಳ್ಳಿ). ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರತ್ತಲ್ಲ, ನೀರು ಆರಿದ್ಮೇಲೆ ಅವು ಬಿಳಿ ಚುಕ್ಕೆಯಾಗಿ ಉಳಿಯತ್ತೆ.

ಬೆರಳಿನ ಜಿಡ್ಡು ನೀರಿಗೆ ಒಂದೇ ಸಲಕ್ಕೆ ಬಿಡದೇ ಇರಬಹುದು. ಆಗ ಗಟ್ಟಿಯಾಗಿ ತಿಕ್ಕೋಕೆ ಕೈ ಹೋಗತ್ತೆ, ಅಲ್ಲೇ ತಡೀರಿ. ಒತ್ತಿದ್ರೆ ಒಳಗಿನ ಲಿಕ್ವಿಡ್ ಕ್ರಿಸ್ಟಲ್ ಪದರಕ್ಕೆ ಪೆಟ್ಟಾಗಿ ಪಿಕ್ಸೆಲ್ ಸಾಯಬಹುದು, ಬಿಳಿ ಮಚ್ಚೆ ಉಳೀಬಹುದು. ತೇವದ ಬಟ್ಟೆನ ಕಲೆ ಮೇಲೆ ಒಂದಿಷ್ಟು ಸೆಕೆಂಡ್ ಹಾಗೇ ಇಟ್ಟು, ಆಮೇಲೆ ಹಗುರವಾಗಿ ಇನ್ನೆರಡು ಸಲ ಒರೆಸಿ. ಅದಕ್ಕೂ ಬಿಡ್ಲಿಲ್ಲ ಅಂದ್ರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ಹನಿ ಹಾಕಿ ಅದರಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೇಲಿ ಸೋಪಿನ ಅಂಶ ತೆಗೀರಿ. ನಿಮ್ಮ ಮ್ಯಾಟ್ ಸ್ಕ್ರೀನ್ ವಿಷಯದಲ್ಲಿ ತಾಳ್ಮೆ ಇನ್ನೂ ಜಾಸ್ತಿ ಬೇಕು, ಯಾಕಂದ್ರೆ ಜಿಡ್ಡು ಆ ತರಿತರಿ ಒಳಗೆ ಕೂತಿರತ್ತೆ, ತಿಕ್ಕಿ ತಿಕ್ಕಿ ಅದನ್ನ ನುಣ್ಣಗೆ ಮಾಡಿದ್ರೆ ಅಷ್ಟು ಜಾಗ ಮಾತ್ರ ಹೊಳೀತಾ ಬೇರೆಯಾಗಿ ಕಾಣತ್ತೆ.

ಪ್ರಶ್ನೆ: ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕ್ಬಹುದು ಅಂತ ಕೆಲವರು, ಬೇಡ್ವೇ ಬೇಡ ಅಂತ ಕೆಲವರು. ಯಾವುದು ಸರಿ ಮೇಡಂ?

ಉತ್ತರ: ಇಬ್ಬರೂ ಸುಳ್ಳು ಹೇಳ್ತಿಲ್ಲ, ಅದು ಯಾವ ಥರದ ಸ್ಕ್ರೀನ್ ಅನ್ನೋದರ ಮೇಲೆ ಹೋಗತ್ತೆ. ಆಪಲ್ ಕಂಪನಿ ತನ್ನ ಮಾಮೂಲಿ ಗಾಜಿನ ಡಿಸ್‌ಪ್ಲೇಗಳಿಗೆ, ಹಟದ ಕಲೆ ಇದ್ರೆ, 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೇವ ಮಾಡಿದ ಬಟ್ಟೆ ಆಗ್ಬಹುದು ಅನ್ನತ್ತೆ. ಮುಂದೆ ಗಾಜೇ ಇರೋ ಸ್ಕ್ರೀನ್‌ಗೂ ಪ್ಲಾಸ್ಟಿಕ್ ಫಿಲ್ಮ್ ಇರೋ ಮ್ಯಾಟ್ ಸ್ಕ್ರೀನ್‌ಗೂ ಒಂದೇ ನಿಯಮ ಹಾಕೋಕಾಗಲ್ಲ. ನಿಮ್ಮ ಮಾನಿಟರ್ ಮ್ಯಾನುಯಲ್‌ನಲ್ಲಿ ಕ್ಲೀನಿಂಗ್ ಅಂತ ಒಂದು ಪುಟ ಇದ್ದೇ ಇರತ್ತೆ, ನಾವ್ಯಾರೂ ಓದಿರಲ್ಲ, ಅಲ್ಲಿ ಆಲ್ಕೊಹಾಲ್ ಹೆಸರು ಹೇಳಿ ಒಪ್ಪಿಗೆ ಕೊಟ್ಟಿದ್ರೆ ಮಾತ್ರ ಹಾಕಿ. ಇಲ್ಲಾಂದ್ರೆ ನೀರೇ ಸಾಕು.

ಪ್ರಶ್ನೆ: ಸ್ಕ್ರೀನ್ ಮೇಲೆ ಒಂದು ಕಪ್ಪು ಚುಕ್ಕೆ ಇದೆ, ಎಷ್ಟು ಒರೆಸಿದ್ರೂ ಹೋಗ್ತಿಲ್ಲ. ನಿನ್ನೆ ನೋಡಿದ್ರೆ ಅದು ಸ್ವಲ್ಪ ಪಕ್ಕಕ್ಕೆ ಸರಿದಿದೆ! ಏನಿದು?

ಉತ್ತರ: ಸರಿದಿದೆ ಅಂದ್ರೆ ಅದು ಕೊಳೆಯೂ ಅಲ್ಲ, ಸತ್ತ ಪಿಕ್ಸೆಲ್ಲೂ ಅಲ್ಲ, ಒಳಗೆ ಸೇರ್ಕೊಂಡಿರೋ ಹುಳ. ಥ್ರಿಪ್ಸ್ ಅಂತ ಒಂದು ಮಿಲಿಮೀಟರ್ ಆಸುಪಾಸಿನ ಕೀಟಗಳಿವೆ, ಬೆಳಕಿಗೆ ಬಂದು ಅಂಚಿನ ಸಂದಿಯಿಂದ ನುಗ್ಗಿ, ಪ್ಯಾನಲ್ಲು ಮತ್ತೆ ಅದರ ಹಿಂದಿನ ಬೆಳಕಿನ ಹಾಳೆಗಳ ಮಧ್ಯೆ ಓಡಾಡ್ತವೆ. ಈಗ ಅತಿ ಮುಖ್ಯವಾದ ಮಾತು, ಬೆರಳಲ್ಲಿ ಒತ್ಬೇಡಿ. ಒತ್ತಿದ್ರೆ ಅಲ್ಲೇ ಅಪ್ಪಚ್ಚಿಯಾಗಿ ಶಾಶ್ವತವಾಗಿ ಕೂತ್ಕೊಳ್ಳತ್ತೆ, ಪ್ಯಾನಲ್ ಬಿಚ್ಚದೆ ತೆಗೆಯೋಕಾಗಲ್ಲ. ರಾತ್ರಿ ಮಾನಿಟರ್ ಆಫ್ ಮಾಡಿ, ರೂಮಿನ ಲೈಟೂ ಆರಿಸಿ, ಪಕ್ಕದಲ್ಲಿ ಒಂದು ಟೇಬಲ್ ಲ್ಯಾಂಪ್ ಹಾಕಿಡಿ. ಬೆಳಕಿನ ಕಡೆ ತಾನೇ ಹೊರಗೆ ಬರೋ ಸಾಧ್ಯತೆ ಇದೆ, ಎರಡು ಮೂರು ರಾತ್ರಿ ಹೀಗೆ ಮಾಡಿ ನೋಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಚೌಕ ಚೌಕ ಗುರುತು ಬೀಳ್ತಿದೆ, ಒರೆಸಿದ್ರೆ ಮತ್ತೆ ವಾರಕ್ಕೇ ಬರತ್ತೆ.

ಉತ್ತರ: ಅದು ಕೀಬೋರ್ಡಿನ ಕೀಗಳ ಅಚ್ಚು. ಮುಚ್ಚಿದಾಗ, ಅದರಲ್ಲೂ ಬ್ಯಾಗಲ್ಲಿ ಒತ್ತಿದಾಗ, ಕೀಗಳ ಮೇಲಿನ ಕೈ ಜಿಡ್ಡು ಸ್ಕ್ರೀನ್‌ಗೆ ಅಂಟ್ಕೊಳ್ಳತ್ತೆ. ಸ್ಕ್ರೀನ್ ಒರೆಸಿ ಬಿಟ್ರೆ ಪ್ರಯೋಜನ ಇಲ್ಲ, ಆಫ್ ಮಾಡಿ ಕೀಗಳನ್ನೂ ಅದೇ ಥರ ಹಿಂಡಿದ ಬಟ್ಟೇಲಿ ಒರೆಸಿ, ಆದ್ರೆ ಬಟ್ಟೆ ಬೇರೆ ಇಟ್ಕೊಳ್ಳಿ. ಬ್ಯಾಗಲ್ಲಿ ಲ್ಯಾಪ್‌ಟಾಪ್ ಮೇಲೆ ಭಾರದ ಪುಸ್ತಕ, ಚಾರ್ಜರ್ ಇಡೋದನ್ನೂ ಬಿಡಿ.